ಎಡಗೈ ಕುಡಗೋಲಿಗೊಂದು ಕುಲಮಿ

ನನ್ನ ಹೆಣ್ತಿ ಎಡಚಿ. ಮದುವಿ ಮಾತುಕತಿಯೊಳಗ ಇದನ್ನ ಯಾರೂ ಹೇಳಿದ್ದಿಲ್ಲ. ಅಂತರಪಟ ಸರದ ಕೂಡ್ಲೆ ಅಕಿ ಎಡಗೈಲೆ ಬೀಸಿ ಅಕ್ಕಿಕಾಳು ಒಗದ್ಲು, ನೆಟ್ಟಗ ಬಂದು ನನ್ನ ಕಣ್ಣಾಗ ಬಿದ್ದೂವು. ಬಾಜೂಕ ನಿಂತಿದ್ದ ನಮ್ಮವ್ವ, "ಅಯ್ಯ, ಎಡಗೈ!" ಅಂತ ಸಣ್ಣಗ ಅಂದ್ಲು. ನಾನು ಕಣ್ಣ ತಿಕ್ಕೋತ, "ಇರ್ಲಿ ಬಿಡವಾ, ಗುರಿ ಛಲೋ ಐತಿ" ಅಂದ್ನಿ. ಅಲ್ಲಿಗೆ ಆ ಮಾತು ಮುಗೀತು ಅಂತ ತಿಳಕೊಂಡಿದ್ನಿ.

ಮನಿ ಕೆಲಸದಾಗ ಅಕಿ ಎಡಗೈ ಯಾರಿಗೂ ಅಡ್ಡಿ ಆಗ್ಲಿಲ್ಲ. ಎಡಗೈಲೆ ರೊಟ್ಟಿ ಬಡದ್ರ ನಮ್ಮ ಓಣ್ಯಾಗ ಅಷ್ಟ ತೆಳ್ಳಗ ಯಾರ ಮನ್ಯಾಗೂ ಆಗಂಗಿಲ್ಲ. ಬಡಸೂ ಮುಂದ ಅಷ್ಟ ಅವ್ವನ ಅಂಜಿಕಿಗೆ ಬಲಗೈ. ತಕರಾರು ಇದ್ದದ್ದು ಒಂದ ಕಡೆ, ಗೋದಿ ಕೊಯ್ಯೂ ಮುಂದ.

ನಾನು ಬನಹಟ್ಟ್ಯಾಗ ಜಾಬರ್. ಅಂದ್ರ ಪಾವರ್‌ಲೂಮ್ ಮಗ್ಗ ಕೆಟ್ಟು ಕುಂತ್ರ ಅದನ್ನ ಬೈದು, ಬಡದು, ಎಬ್ಬಸಿ ಓಡಸಾಂವ. ನಮ್ಮಣ್ಣ ಹಿಪ್ಪರಗಿ ಕಡೆ ಹೊಲದಾಗ ಇರ್ತಾನ. ಸುತ್ತೂಕಡೆ ಕಬ್ಬು, ನಡುವ ಮನಿ ಹುಗ್ಗಿಗಿ, ಹೋಳಗಿಗಿ ಅಂತ ಒಂದ ತುಂಡು ಗೋದಿ. ಕಬ್ಬಿನ ನಡುವ ಕೊಯ್ಯೂ ಮಷಿನ್ ಹೋಗಾಕ ದಾರಿ ಇಲ್ಲ. ಹಿಂಗಾಗಿ ಎರಡೂ ಮನಿ ಹೆಂಗಸ್ರು, ಅಕ್ಕಪಕ್ಕದ ಹೊಲದವ್ರು ಕೂಡಿ ಕೈಲೇನ ಕೊಯ್ಯೂದು. ನಾನು ಮತ್ತ ನಮ್ಮಣ್ಣ ಹಿಂದಿಂದ ಕೊಯ್ದ ಗೋದಿ ಕೂಡಿಸಿ ಸಿವುಡ ಕಟ್ಟೂದು.

ಕೊಯ್ಯೂದಕ್ಕ ನಮ್ಮಲ್ಲಿ ಒಂದ ರೀತಿ ಐತಿ. ಒಬ್ಬೊಬ್ರಿಗೆ ಇಷ್ಟಿಷ್ಟ ಸಾಲು ಅಂತ ಹಂಚಿ ಕೊಟ್ಟು ಎಲ್ಲಾರೂ ಒಮ್ಮೆಲೆ ಬಗ್ಗತಾರ. ಯಾರು ಮೊದಲ ಆ ತುದಿ ಮುಟ್ಟತಾರ, ಅವ್ರು ಕುಂಡ್ರಂಗಿಲ್ಲ. ತಿರುಗಿ ನಿಂತು, ಕಡೀಕ ಉಳದಾಕಿ ಸಾಲಿಗೆ ಎದುರಿಂದ ಕೊಯ್ಕೋತ ಬಂದು ಅಕಿಗೆ ಕೂಡತಾರ. ಇದು ಉಪಕಾರನೂ ಹೌದು, ಚಾಷ್ಟಿನೂ ಹೌದು. ಮೊದಲ ಮುಟ್ಟಾಕಿ ಯಾವಾಗ್ಲೂ ನಮ್ಮ ವೈನಿ, ಅಂದ್ರ ನಮ್ಮಣ್ಣನ ಹೆಣ್ತಿ. ಕಡೀಕ ಉಳ್ಯಾಕಿ ಯಾವಾಗ್ಲೂ ನನ್ನ ಹೆಣ್ತಿ.

ವೈನಿ ಮನಸ್ಸಿಲೆ ಛಲೋ, ಬಾಯಿಲೆ ಮಾತ್ರ ಪಟಾಕ್ಷಿ. ಎದರ ಕೊಯ್ಕೋತ ಬರೂ ಮುಂದ, "ಬಾರವಾ ತಂಗಿ ಬಾ, ಹೋಳಿ ಹುಣ್ಣಿವಿ ಹೊತ್ತಿಗೆರ ಬಾ" ಅಂತ ಹಾಡ ಹೇಳಿದಂಗ ಕರೀತಾಳ. ಎಲ್ಲಾರೂ ಹೋ ಅಂತ ನಗತಾರ. ನನ್ನ ಹೆಣ್ತಿನೂ ನಗತಿದ್ಲು. ಮೈಗಳ್ಳಿ ಅಲ್ಲ ಅಕಿ. ತಪ್ಪು ಕುಡಗೋಲಿಂದು. ಸಂತಿ ಕುಡಗೋಲಿನ ಹಲ್ಲ ಒಂದ ಮಗ್ಗಲಕ್ಕಷ್ಟ ಕಡದಿರ್ತಾರ, ಹಿಡಿಕಿ ಹತ್ರ ಒಂದ ಬಾಗು ಇರತೈತಿ, ಕೈ ನೆಲಕ್ಕ ತಿಕ್ಕಬಾರದಂತ. ಎಲ್ಲಾನೂ ಬಲಗೈ ಲೆಕ್ಕಕ್ಕ. ಎಡಗೈಲೆ ಹಿಡದ್ರ ಹಲ್ಲ ಮ್ಯಾಲಾಗತಾವ, ಕುಡಗೋಲು ದಂಟಿನ ಮ್ಯಾಲ ಜಾರತೈತಿ, ಬಾಗು ಉಲ್ಟಾ ಆಗಿ ಬೆರಳಿನ ಗೆಣ್ಣ ನೆಲಕ್ಕ ತಿಕ್ಕಿ ರಕ್ತ ಬರತೈತಿ.

ಒಂದ ವರ್ಷ ಗೋದಿ ಕೊಯ್ದು ಬೈಕ್ ಮ್ಯಾಲ ಹೊಳ್ಳಿ ಬರೂ ಮುಂದ ಅಕಿ ಹಿಂದ ಕುಂತು ಬೆರಳಿನ ಗಾಯಕ್ಕ ಸೆರಗ ಸುತ್ತಿಕೊಂಡಿದ್ಲು. ಬನಹಟ್ಟಿ ಲೈಟ್ ಕಾಣೂ ಹೊತ್ತಿಗೆ, "ಒಮ್ಮೆರ ನನ್ನ ಸಾಲು ನಾನ ಮುಗಸಬೇಕ್ರಿ" ಅಂದ್ಲು. "ಮೊದಲ ಬರೂದ ಬ್ಯಾಡ. ಯಾರೂ ನನ್ನ ಕರ್ಯಾಕ ಎದರ ಬರಬಾರದು, ಅಷ್ಟ." ಒದರಾಡಿ ಅಂದಿದ್ರ ನಾನೂ ಒದರಾಡಿ ಮರತ ಬಿಡ್ತಿದ್ನಿ. ಅಕಿ ಮೆಲ್ಲಗ ಅಂದ್ಲು. ನನಗ ಖರೇನ ಕೆಟ್ಟನಿಸಿತು.

ಮುಂದಿನ ಗೋದಿ ಬಿತ್ತೂ ಹೊತ್ತಿಗೆ ಅಣ್ಣನ ಊರಾಗ ಕಂಬಾರ ಕಾಕಾನ ಕಡೆ ಹೋದ್ನಿ. ಈಗ ಅಂವ ಗೇಟು, ಗ್ರಿಲ್ ವೆಲ್ಡಿಂಗ್ ಮಾಡ್ತಾನ. ಎಡಗೈ ಕುಡಗೋಲು ಅಂದ ಕೂಡ್ಲೆ ಕನ್ನಡಕ ಮ್ಯಾಲೆತ್ತಿ ನನ್ನ ನೋಡಿದ. "ಕುಲಮಿ ಒಡದು ಅಲ್ಲೆ ಜನರೇಟರ್ ಇಟ್ಟೇನಿ. ಒಂದ ಕುಡಗೋಲಿಗೆ ಯಾವಾಂವ ಕುಲಮಿ ಹಚ್ಚತಾನೋ? ಹೆಣ್ತಿಗೆ ಬಲಗೈಲೆ ಕೊಯ್ಯಾಕ ಕಲಸು, ಖರ್ಚಿಲ್ಲದ ಕೆಲಸ."

ಸಿಟ್ಟು ನೆತ್ತಿಗೇರಿತು ನನಗ. "ನೀವು ಎಡಗೈಲೆ ಉಂಡು ತೋರಸ್ರಿ ಮೊದಲ, ಆಮ್ಯಾಲ ಅಕಿಗೆ ಬಲಗೈ ಕಲಸ್ತೇನಿ" ಅಂದ್ನಿ. "ನಾನ ಮಾಡ್ತೇನಿ ಕುಡಗೋಲಾ! ಕುಲಮಿನೂ ನಾನ ಕಟ್ಟತೇನಿ!" ಕಾಕಾ ನಕ್ಕೋತ, "ಮಾಡಪ್ಪಾ, ನೋಡಾಕ ಬರ್ತೇನಿ" ಅಂದ. ಬೈಕ್ ಹತ್ತಿದ ಮ್ಯಾಲೆ ನೆನಪಾತು, ನಾನು ಹುಟ್ಟಿದಾಗಿಂದ ಕಬ್ಬಿಣ ಮುಟ್ಟಿದ್ದು ತಣ್ಣಗಿದ್ದಾಗಷ್ಟ. ಆದ್ರ ಅಂದ ಮಾತು ತಿರುಗಿ ನುಂಗೂ ಚಟ ನಮ್ಮ ಮನೆತನದಾಗ ಯಾರಿಗೂ ಇಲ್ಲ.

ಮೊದಲ ಸರಳ ದಾರಿ ನೋಡಿದ್ನಿ. ಸಂತಿ ಕುಡಗೋಲೊಂದನ್ನ ಪಕ್ಕಡದಾಗ ಹಿಡದು ಬಾಗು ಆಕಡೆ ತಿರುವಾಕ ಹೋದ್ನಿ. ಟಕ್ ಅಂತ ಮುರದು ಎರಡ ತುಂಡಾತು. ನನ್ನ ಹೆಣ್ತಿ ಅದನ್ನ ನೋಡಿ, "ಈಗ ಎರಡೂ ಕೈಗೆ ಒಂದೊಂದ ಆತಲ್ಲ" ಅಂದು ಒಳಗ ಹೋದ್ಲು. ಕಾಸೂದ ಬಿಟ್ರ ಬ್ಯಾರೆ ದಾರಿ ಇರ್ಲಿಲ್ಲ.

ಇದ್ದಲಿ ಬೇಕು. ಬೀಳಗಿ ಕಡೆ ಜಾಲಿ ಗಿಡ ಸುಟ್ಟು ಇದ್ದಲಿ ಮಾಡ್ತಾರ ಅಂತ ಗೊತ್ತಿತ್ತು. ಹೋಗಿ ಒಂದ ಚೀಲ ತುಂಬಿಸಿ ಬಸ್ ಹತ್ತಿದ್ನಿ. ಸೀಟಿನ ಸಂದ್ಯಾಗ ಚೀಲ ಇಟ್ಟಿದ್ನಿ, ಬಾಜೂಕ ಒಬ್ರು ಇಸ್ತ್ರಿ ಮಾಡಿದ ಬಿಳೇ ಧೋತ್ರದ ಹಿರ್ಯಾರು. ಬಸ್ ಒಂದ ತಗ್ಗು ಹಾರಿತು, ಹಿರ್ಯಾರು ಚೀಲದ ಮ್ಯಾಲೆ ಕೈ ಊರಿದ್ರು, ಆಮ್ಯಾಲ ಅದ ಕೈಲೆ ಹಣಿ ಬೆವರ ಒರಿಸಿಕೊಂಡ್ರು. ನಾನು ಕಿಡಕಿ ಹೊರಗ ನೋಡ್ಕೋತ ಕುಂತ್ನಿ. ಮುಧೋಳದಾಗ ಅವ್ರು ಇಳಿಯೂತನಾ ನಾ ಅವರ ಕಡೆ ಮಾರಿ ತಿರುವಲಿಲ್ಲ.

ಗಾಳಿ ಹಾಕಾಕ ನಮ್ಮ ಶೆಡ್ಡಿನ ಬ್ಲೋವರ್ ಇತ್ತು. ಮಗ್ಗದ ಮ್ಯಾಲೆ ಕುಂತ ಹತ್ತಿ ಧೂಳಾ ಊದಿ ಹಾರಸೂದು. ಮಾಲಕರನ್ನ ಕೇಳಿ ಮನಿಗೆ ತಂದ್ನಿ. ಹಿತ್ತಲದಾಗ ಮನಿ ಕಟ್ಟಿ ಉಳದಿದ್ದ ಮುಧೋಳ ಕಡೆ ಕಲ್ಲು ಬಿದ್ದಿದ್ದೂವು, ಬೂದಿ ಬಣ್ಣದ್ದು, ನುಣ್ಣಗ, ಚೌಕ. ನಾಕ ಕಲ್ಲ ಸುತ್ತ ಇಟ್ಟು, ನಡುವ ಇದ್ದಲಿ ಸುರುವಿ, ಕಬ್ಬಿಣದ ಪೈಪ್ ತೂರಿಸಿ, ಬೆಂಕಿ ಹಚ್ಚಿ, ಬ್ಲೋವರ್ ಬಟನ್ ಒತ್ತಿದ್ನಿ.

ಯಪ್ಪಾ! ಕುಲಮ್ಯಾಗಿನ ಇದ್ದಲಿ ಅಷ್ಟೂ ಎದ್ದು ಗ್ವಾಡಿ ಹಾರಿ ಹೋತು. ಬಾಜೂ ಮನಿ ಆಯಿ ಮಾಳಿಗಿ ಮ್ಯಾಲ ಸಂಡಗಿ ಒಣಗ ಹಾಕಿದ್ಲು. ನಿಗಿನಿಗಿ ಕೆಂಡ ಒಂದೊಂದ ಹೋಗಿ ಸಂಡಗಿ ಮ್ಯಾಲೆ ಕುಂತೂವು. ಆಯಿ ಮಾಳಿಗಿಂದ ಬಗ್ಗಿ, "ತಮ್ಮಾ, ಸಂಡಗಿ ನಾವು ಒಲಿ ಮ್ಯಾಲ ಸುಡ್ತೇವಪ್ಪಾ, ನೀ ಯಾಕ ತ್ರಾಸ ತಗೊಂಡಿ?" ಅಂದ್ಲು. ಅಕಿಗೆ ಕೈಮುಗದು, ಪೈಪಿಗೆ ಒಂದ ತಗಡಿನ ಬಾಗಲಾ ಹಚ್ಚಿ, ಗಾಳಿ ಎಷ್ಟ ಬೇಕ ಅಷ್ಟ ಬಿಡೂವಂಗ ಮಾಡಿದ್ನಿ. ಇದು ನನ್ನ ಕುಲಮಿಯ ಮೊದಲನೇ ಸುಧಾರಣಿ.

ಆಮ್ಯಾಲ ಕಬ್ಬಿಣ ಕೆಂಪಾಗಾಕ ಹತ್ತಿತು. ದಿನಾ ಸಂಜಿಮುಂದ ಶೆಡ್ಡಿಂದ ಬಂದು ಬೆಂಕಿ ಹಚ್ಚೂದು, ಒಂದ ಹಳೇ ಸಳಿ ಕಾಸಿ ಬಡಿಯೂದು, ಹೆಂಗ ಬಾಗತೈತಿ ನೋಡೂದು. ನಾ ಹಿಗ್ಗಿ ಹಿರೇಕಾಯಿ ಆಗಿದ್ನಿ. ಒಂದ ಐತವಾರ ಮುಂಜಾನಿಂದ ಸುಟ್ಟು ಸುಟ್ಟು, ಸಂಜಿಗೆ ಬೆಂಕಿ ಆರಿಸಾಕಂತ ಒಂದ ಕೊಡ ನೀರ ಹೊಯ್ದ್ನಿ. ಬೆಂಕಿ ಆರಿತು. ಕಲ್ಲ ಮಾತ್ರ ಆರಲಿಲ್ಲ. ಬುಸ್ ಅಂತ ಹೊಗಿ, ಕೊತಕೊತ ಕುದಿ, ಕಲ್ಲ ಉಬ್ಬಿ, ಒಡದು, ಹಿಟ್ಟ ಹಿಟ್ಟಾಗಿ ಬೆಳ್ಳಗ ಕೆಳಗ ಬೀಳಾಕತ್ತೂವು. ನಾನು, "ಏ ಬಾರಲೇ, ಕಲ್ಲ ಕುದ್ಯಾಕತ್ತಾವ!" ಅಂತ ಹೆಣ್ತಿನ್ನ ಕರದ್ನಿ.

ನಮ್ಮಾಕಿ ಬಂದು ನೋಡಿದ್ಲು. ಆಯಿನೂ ಗ್ವಾಡಿ ಮ್ಯಾಲಿಂದ ನೋಡಿದ್ಲು. ಆಯಿ ಬಾಯಾಗ ಎಲಿ ಇತ್ತು. ಒಂದ ಡಬ್ಬಿ ಕೆಳಗ ಚಾಚಿ, "ಸುಣ್ಣದ ಭಟ್ಟಿ ಹಾಕೀದೇನು? ಒಂದೀಟ ಇದರಾಗ ಹಾಕು" ಅಂದ್ಲು.

ಹೌದಲ್ಲ! ಮುಧೋಳದ ಆ ಕಲ್ಲು ಸುಣ್ಣದ ಕಲ್ಲು. ಸಿಮೆಂಟ್ ಮಾಡಾಕ ಗಾಡಿಗಟ್ಟಲೆ ಒಯ್ಯೂದು ದಿನಾ ಕಣ್ಣಿಲೆ ನೋಡೇನಿ, ಅದ ಕಲ್ಲಿಲೆ ಕುಲಮಿ ಕಟ್ಟೇನಿ. ಮರದಿನಾ ಆಯಿ ಓಣಿ ತುಂಬ ಹೇಳಿದ್ಲು, ಜಾಬರನ ಸುಣ್ಣ ನಾಲಿಗಿ ಸುಡಂಗಿಲ್ಲ, ಭಾಳ ತಂಪ ಐತಿ ಅಂತ. ಎಲಿ ತಿನ್ನೂ ಮುದುಕ್ರು ಮುದುಕ್ಯಾರು ಡಬ್ಬಿ ಹಿಡಕೊಂಡು ಬಾಗಲಾ ಬಡ್ಯಾಕತ್ರು. ನಾನು "ಸುಣ್ಣ ಇಲ್ರಿ, ಇದು ಕುಲಮಿ!" ಅಂತ ಒದರೂದು, ಅವ್ರು "ಇದ್ದಷ್ಟ ಕೊಡಪಾ" ಅನ್ನೂದು. ಹೆಣ್ತಿ ಒಳಗ ಕುಂತು ಸೆರಗ ಬಾಯಿಗೆ ತುರಕೊಂಡು ನಗೂದು ನನಗ ಕೇಳತಿತ್ತು.

ಎರಡನೇ ಕುಲಮಿ ಒಂದ ಕಬ್ಬಿಣದ ಪುಟ್ಟ್ಯಾಗ ಮಾಡಿದ್ನಿ, ಸಿಮೆಂಟ್ ಕಲಸಿ ಹೊರೂ ಪುಟ್ಟಿ. ಒಳಗ ಮಣ್ಣು ಮೆತ್ತಬೇಕು. ಮಣ್ಣಂದ್ರ ನಮಗ ಎರಿಮಣ್ಣು. ಅಣ್ಣನ ಹೊಲದಿಂದ ಚೀಲ ತುಂಬಿ ತಂದು, ನಾದಿ, ನುಣ್ಣಗ ಮೆತ್ತಿದ್ನಿ. ನೋಡಾಕ ಹೊಸಾ ಗಡಗಿ ಇದ್ದಂಗ ಇತ್ತು. ಒಣಗೂದ್ರಾಗ ಬ್ಯಾಸಿಗಿ ಹೊಲದಂಗ ಬಿರಕ ಬಿಟ್ಟಿತು, ಕೈಬೆರಳ ಹೋಗೂವಷ್ಟ. ಬೆಂಕಿ ಹಚ್ಚಿದ ಮ್ಯಾಲಂತೂ ಮಣ್ಣಿನ ಹೆಂಟಿ ಪಟ್ ಪಟ್ ಅಂತ ಸಿಡದು ನನ್ನ ಲುಂಗಿ ಮ್ಯಾಲೆ ಬಿದ್ದೂವು. ಲುಂಗ್ಯಾಗ ತೂತ ಬಿದ್ದು, ಕುಣಕೊಂತ ನಾ ನೀರಿನ ಡೋಣಿಗೆ ಓಡಿದ್ನಿ.

ಆವತ್ತ ಹೆಣ್ತಿ ನಗಲಿಲ್ಲ. ಸೀರಿ ಮ್ಯಾಲ ಸಿಗಿಸಿಕೊಂಡು ಬಂದು ಪುಟ್ಟಿ ಬೋರಲಾ ಹಾಕಿ ನನ್ನ ಮಣ್ಣು ಅಷ್ಟೂ ಕೆಡವಿದ್ಲು. "ಎರಿಮಣ್ಣಿಲೆ ಯಾರರ ಒಲಿ ಹಾಕ್ತಾರೇನ್ರಿ? ಹುಟ್ಟಿದಾಗಿಂದ ಒಲಿ ಮುಂದ ಕುಂತು ಉಂಡೀರಿ, ಒಮ್ಮೆರ ಒಲಿ ನೋಡೀರೇನು?" ಮಾಳಿಗಿ ಮ್ಯಾಲ ಹಾಕೂ ಹಾಳಮಣ್ಣು ತರಿಸಿದ್ಲು. ಅದಕ್ಕ ಬೂದಿ, ಗೋದಿ ಹೊಟ್ಟು, ಕುರಿ ಕಾಯೂವರ ಕಡಿಂದ ಇಸಕೊಂಡ ಹರಕು ಕುರಿಗೂದಲಾ ಹಾಕಿ ತುಳದು, ಒಂದ ದಿನ ಬಿಟ್ಟು, ತೆಳ್ಳಗ ತೆಳ್ಳಗ ಮೂರ ಸಲ ಬಳದ್ಲು. ಎಡಗೈಲೆ ತೀಡಿದ ಬೆರಳಿನ ಗುರುತು ಅದರ ಮ್ಯಾಲೆ ಹಂಗ ಉಳದೂವು. ಆ ಕುಲಮಿ ಬಿರಕ ಬಿಡ್ಲಿಲ್ಲ, ಸಿಡೀಲಿಲ್ಲ. ಬೆಂಕಿ ಹಚ್ಚೂ ಮೊದಲ ಅಕಿ ವಿಭೂತಿ ಹಚ್ಚಿ, ಒಂದ ಕಾಯಿ ಒಡದು, "ಇನ್ನ ಇದರಾಗ ಏನರ ಕೆಟ್ರ ಅದು ನಿಮ್ಮ ತಪ್ಪು" ಅಂದ್ಲು.

ಕೆಟ್ಟಿದ್ದ ಕೆಟ್ಟಿದ್ದು. ಜಮಖಂಡಿ ಗುಜರಿ ಅಂಗಡ್ಯಾಗಿಂದ ಟೆಂಪೋದ ಕಮಾನ ಪಾಟಿ, ಅಂದ್ರ ಗಾಲಿ ಮ್ಯಾಲಿನ ದಪ್ಪನ್ನ ಸ್ಪ್ರಿಂಗ್ ಪಟ್ಟಿ, ಒಂದ ತಂದು ವಾರಗಟ್ಟಲೆ ಬಡದ್ನಿ. ಕುಡಗೋಲಾಗಲಿಲ್ಲ, ಸಣ್ಣ ನೇಗಿಲಾತು. ಆಮ್ಯಾಲ ಕಟಗಿ ಕೊಯ್ಯೂ ಮಷಿನ್ನಿನ ಹಳೇ ಗರಗಸದ ಪಟ್ಟಿ ತಂದ್ನಿ, ಅದು ಮೊದಲ ತೆಳ್ಳಗ ಇರತೈತಿ. ಅದನ್ನ ಕುಲಮ್ಯಾಗ ಇಟ್ಟು, ಫೋನ್ ಬಂತಂತ ಮಾತಾಡ್ಕೋತ ನಿಂತ್ನಿ. ತಿರುಗಿ ನೋಡ್ತೇನಿ, ಪಟ್ಟಿ ತುದಿ ಸುರಸುರಬತ್ತಿ ಆಗಿ ಕಿಡಿ ಉಗಳಾಕತ್ತಿತ್ತು. ಕಬ್ಬಿಣನೂ ಕಟಗಿಯಂಗ ಸುಟ್ಟ ಹೋಗತೈತಿ ಅಂತ ಆವತ್ತ ಗೊತ್ತಾತು. ಇನ್ನೊಂದ ಪಟ್ಟಿ ಛಂದಂಗ ಬಾಗಿಸಿ, ಗಟ್ಟಿ ಆಗಲಿ ಅಂತ ಕೆಂಪಗ ಕಾಸಿ ನೀರಾಗ ಅದ್ದಿದ್ನಿ. ಟಿಣ್ ಅಂತು. ಮ್ಯಾಲೆತ್ತಿದ್ರ ಅರ್ಧ ಕುಡಗೋಲು ನನ್ನ ಇಕ್ಕಳದಾಗ, ಅರ್ಧ ಬಕೆಟ್‌ನ್ಯಾಗ.

ನೀರ ಬ್ಯಾಡ, ಎಣ್ಣ್ಯಾಗ ಅದ್ದಬೇಕು ಅಂತ ಮೊಬೈಲಿನ್ಯಾಗ ಯಾರೋ ಹೇಳ್ಯಾರ. ಎಣ್ಣಿ ಎಲ್ಲಿಂದ ತರಬೇಕು? ಅಡಗಿ ಮನ್ಯಾಗ ಕುಸುಬಿ ಎಣ್ಣಿ ಡಬ್ಬಿ ಇತ್ತು. ಹೆಣ್ತಿ ಹೊರಗ ಹೋಗಿದ್ಲು. ಡಬ್ಬಿ ಎತ್ತಿ ತಂದು, ಕೆಂಪ ಪಟ್ಟಿ ಅದರಾಗ ಮುಳಗಿಸಿದ್ನಿ. ಚುಂಯ್ ಅಂತ ಸಪ್ಪಳಾ, ಘಮ್ ಅಂತ ವಾಸನಿ. ಪಟ್ಟಿ ಒಡೀಲಿಲ್ಲ, ನಾ ಹಿಗ್ಗಿದ್ನಿ. ಆಮ್ಯಾಲ ಇನ್ನೆರಡ ತುಂಡು ಅದ್ದಿ ನೋಡಿದ್ನಿ. ವಾಸನಿ ಓಣಿ ತುಂಬ ಹೋತು.

ಮೊದಲ ಬಂದಾಕಿ ಆಯಿ. "ಬೀಗ್ರು ಬಂದಾರೇನು? ಭಜಿ ಕರ್ಯಾಕತ್ತೀರಿ?" ಹಿಂದ ಎದರ ಮನಿಯವ್ರು. ಅವರ ಹಿಂದ ಶೆಡ್ಡಿಂದ ಹೊಳ್ಳಿ ಹೊಂಟ ಇಬ್ರು ನೇಕಾರು, ನಿಂತ ನಿಂತಲ್ಲೆ ಮೂಗ ಅರಳಿಸಿ, "ಏನ್ ಜಾಬರ್ ಸಾಹೇಬ್ರ, ನಮ್ಮನ್ನ ಬಿಟ್ಟು?" ಅಂದ್ರು. ಅಷ್ಟೊತ್ತಿಗೆ ಹೆಣ್ತಿ ಬಂದ್ಲು. ಬಾಗಲದಾಗ ಮಂದಿ, ನನ್ನ ಕೈಯಾಗ ಇಕ್ಕಳ, ಅಕಿ ಡಬ್ಬ್ಯಾಗ ಕರ್‍ರಗ ಎಣ್ಣಿ. "ಕುಂಡ್ರಿ ಕುಂಡ್ರಿ, ಈಗ ಕರೀತೇನಿ" ಅಂತ ಅವರನ್ನ ಕುಂಡ್ರಿಸಿ, ನನ್ನ ಅಂಗಡಿಗೆ ಓಡಿಸಿ, ಹೊಸ ಎಣ್ಣಿ, ಉಳ್ಳಾಗಡ್ಡಿ, ಕಡ್ಲಿಹಿಟ್ಟು ತರಿಸಿ ಖರೇನ ಭಜಿ ಕರದ್ಲು. ಮಂದಿ ಹೋದ ಮ್ಯಾಲೆ ಅಕಿ ನನಗ ಅಂದಿದ್ದನ್ನ ಇಲ್ಲಿ ಬರ್ಯಾಕ ಬರಂಗಿಲ್ಲ.

ಇಷ್ಟೆಲ್ಲಾ ಆಗಿ, ಸಂಕ್ರಾಂತಿ ಕಳದು ಗೋದಿ ಹಳದಿ ಆಗೂ ಹೊತ್ತಿಗೆ ನನ್ನ ಕುಡಗೋಲು ತಯಾರಾತು. ಕಟಗಿ ಹಿಡಿಕಿ ಹಾಕಿ, ತಿಕ್ಕಿ ಹೊಳಪ ಮಾಡಿ, ಸಣ್ಣ ಛೇಣಿಲೆ ಒಂದೊಂದ ಹಲ್ಲ ಕಡದಿದ್ನಿ. ಕಾಸಿ, ಬಾಗಿಸಿ, ಎಣ್ಣಿ ಕುಡಿಸಿ, ಒಡೀದ ಉಳದಿದ್ದು ಇದೊಂದ. ಹೆಣ್ತಿ ಕೈಯಾಗ ಕೊಟ್ಟ್ನಿ. ಅಕಿ ಸೆರಗಿಲೆ ಕೈ ಒರಿಸಿಕೊಂಡು ಎರಡೂ ಕೈಲೆ ಇಸಕೊಂಡ್ಲು. ಮಾರಿ ಮ್ಯಾಲೆ ನಗಿ ಇತ್ತು. ಹಿತ್ತಲದಾಗ ಬೆಳದಿದ್ದ ಹುಲ್ಲಿನ ಹತ್ರ ಹೋಗಿ ಎಡಗೈಲೆ ಹಿಡದು ಎಳದ್ಲು. ಜಾರಿತು. ಮತ್ತೊಮ್ಮೆ ಎಳದ್ಲು. ಜಾರಿತು. ಆಮ್ಯಾಲ ಬಲಗೈಗೆ ತಗೊಂಡು ಎಳದ್ಲು. ಸರಕ್ ಅಂತ ಒಂದ ಹಿಡಿ ಹುಲ್ಲ ಕೈಗೆ ಬಂತು.

"ಭಾಳ ಛಲೋ ಆಗೈತ್ರಿ" ಅಂದ್ಲು. "ಬಲಗೈಗೆ."

ನಾನು ಹೋಗಿ ನೋಡ್ತೇನಿ, ಸಂತಿ ಕುಡಗೋಲಿನ ತದ್ರೂಪ! ಸಂತೀದು ಒಂದನ್ನ ಎದರ ಗ್ವಾಡಿಗೆ ತೂಗ ಹಾಕಿ, ಇದರ ಉಲ್ಟಾ, ಇದರ ಉಲ್ಟಾ ಅಂತ ಬಾಯಿಲೆ ಜಪ ಮಾಡ್ಕೋತ ಬಡದಿದ್ನಿ. ಆದ್ರ ಪಟ್ಟಿನ್ನ ಇಕ್ಕಳದಾಗ ಮಗ್ಗಲ ತಿರುವಿ ಹಿಡದಿದ್ನಿ. ಉಲ್ಟಾದ್ದು ಉಲ್ಟಾ ಆಗಿ ನೆಟ್ಟಗಾಗಿ ಕುಂತಿತ್ತು. ಬಾಯಿ ಎಡಕ್ಕ ಅಂದ್ರ ಕೈ ತನ್ನ ರೂಢಿಲೆ ಬಲಕ್ಕ ಮಾಡಿತ್ತು. ಇಂಥಾ ಕುಡಗೋಲು ಜಮಖಂಡಿ ಸಂತ್ಯಾಗ ರಾಶಿ ಹಾಕಿ ಮಾರ್ತಾರ.

ಹೆಣ್ತಿ ನಕ್ಕ್ಲು. ನಕ್ಕು ನಕ್ಕು ಕಟ್ಟಿ ಮ್ಯಾಲ ಕುಂತ್ಲು. ನಾನೂ ನಗಬೇಕಂದ್ನಿ, ಅಷ್ಟರಾಗ ಅಕಿ ನಗಿ ನಿಂತಿತು. "ಇರ್ಲಿ ಬಿಡ್ರಿ" ಅಂದ್ಲು. "ಇಷ್ಟ ವರ್ಷ ಆಗೇತಿ, ಇದೊಂದ ವರ್ಷಕ್ಕ ಏನಾಗತೈತಿ? ವೈನಿ ಎದರ ಬಂದ್ರ ಕೆಲಸನೂ ಲಗೂ ಆಗತೈತಿ." ಅಂದು ಕುಡಗೋಲಾ ಮೂಲ್ಯಾಗ ಇಟ್ಟು ಒಳಗ ಹೋದ್ಲು. ಬೈದಿದ್ರ ತಡಕೋತಿದ್ನಿ. ನನಗ ನನ್ನ ಮ್ಯಾಲೇನ ಹೇಸಿಗಿ ಬಂತು, ಕುಲಮಿ ಒದ್ದು ಬೀಳಸಬೇಕು ಅನಿಸಿತು. ಅಕಿ ಬೆರಳಿನ ಗುರುತು ಕಂಡೂವು, ಬಿಟ್ನಿ.

ಅಣ್ಣನ ಫೋನ್ ಬಂತು, ಇನ್ನ ಎರಡ ದಿನಕ್ಕ ಗೋದಿ ಕೊಯ್ಲು ಅಂತ. ಮರದಿನಾ ಮುಂಜಾನೆ ನಾ ಶೆಡ್ಡಿಗೆ ಹೊಂಟು ಅಂಗಿ ಹಾಕ್ಕೊಳ್ಳೂ ಮುಂದ ಹೆಣ್ತಿ ಹಿತ್ತಲದಾಗಿಂದ ಕರದ್ಲು.

"ರೀ, ಕುಲಮಿ ಹಚ್ಚರಿ."

"ಯಾಕ? ಗರಗಸದ ಪಟ್ಟಿ ಒಂದ ತುಂಡ ಉಳದೈತಿ, ಮತ್ತ ಕೆಡಸ್ತೇನಿ ನಾ."

"ನೀವು ಬಡೀಬ್ಯಾಡ್ರಿ. ನೀವು ಕಾಸಿ ಕೊಡ್ರಿ, ಬಡಿಯಾಕಿ ನಾನು. ನನ್ನ ಕೈಗೆ ಏನ ಬೇಕು ಅನ್ನೂದು ನಿಮ್ಮ ಕೈಗೆ ಹೆಂಗ ಗೊತ್ತಾಗಬೇಕ್ರಿ?"

ನಾನು ಅಂಗಿ ತಗದು ಗೂಟಕ್ಕ ಹಾಕಿದ್ನಿ. ಹಳೇ ಮಗ್ಗದ ದಪ್ಪನ್ನ ಕಬ್ಬಿಣದ ತುಂಡೊಂದು ನನ್ನ ಅಡಿಗಲ್ಲು. ಅಕಿ ಅದರ ಮುಂದ ಕುಂತು ಎಡಗೈಯಾಗ ಸುತ್ತಿಗಿ ಹಿಡದ್ಲು. ನಾ ಕಾಸಿ ಕೊಟ್ನಿ, ಅಕಿ ಇಕ್ಕಳಾ ಬಲಗೈಗೆ ತಗೊಂಡು ಬಡದ್ಲು. ಮೊದಲ ಏಟು ಸೊಟ್ಟ ಬಿತ್ತು. "ಹಂಗಲ್ಲ, ಮೊಣಕೈ ಸ್ವಲ್ಪ ಮ್ಯಾಲ..." ಅಂತ ನಾ ಬಾಯಿ ತಗದ್ನಿ. "ನೀವು ಗಾಳಿ ಕಡೆ ನೋಡ್ರಿ" ಅಂದ್ಲು. ನಾ ಗಾಳಿ ಕಡೆ ನೋಡಿದ್ನಿ. ಹಿಂದ ಏಟು ಒಂದ ಸಮ ಬೀಳಾಕತ್ತೂವು, ರೊಟ್ಟಿ ಬಡದಂಗ. ಬಾಗು ಹಾಕೂ ಹೊತ್ತಿಗೆ ಅಕಿ ಸಂತಿ ಕುಡಗೋಲು ನೋಡ್ಲಿಲ್ಲ, ಗ್ವಾಡಿ ನೋಡ್ಲಿಲ್ಲ. ಕೈ ಎತ್ತಿ ಗಾಳ್ಯಾಗ ಗೋದಿ ಕೊಯ್ದಂಗ ಒಮ್ಮೆ ಎಳದು ನೋಡಿದ್ಲು, ಎರಡ ಏಟು ಹಾಕಿದ್ಲು. ಬಾಗು ತಾನ ಆಕಡೆ ಬಂತು. ನಾ ಇಷ್ಟ ದಿನ ಉಲ್ಟಾ ಉಲ್ಟಾ ಅಂತ ಒದ್ದಾಡಿದ್ದು ಅಕಿ ಕೈಗೆ ಸುಲ್ಟಾ ಇತ್ತು.

ಹಲ್ಲ ಕಡಿಯೂದು, ಅದ ಕರ್‍ರನ್ನ ಎಣ್ಣ್ಯಾಗ ಅದ್ದೂದು, ಬಿಸಿ ಬೂದ್ಯಾಗ ಇಟ್ಟು ಹದಕ್ಕ ತರೂದು, ಎಲ್ಲಾ ಮುಗಿಯೂದ್ರಾಗ ಹೊತ್ತ ಇಳದಿತ್ತು. ನೋಡಾಕ ಛಂದ ಇರ್ಲಿಲ್ಲ. ಕರ್‍ರಗ, ತಗ್ಗು ದಿಣ್ಣಿ. ಹುಲ್ಲಿನ ಹತ್ರ ಹೋಗಿ ಎಡಗೈಲೆ ಎಳದ್ಲು. ನಾ ನೋಡ್ಲಿಲ್ಲ, ನನಗ ಧೈರ್ಯ ಇರ್ಲಿಲ್ಲ. ಸರಕ್ ಅಂತ ಸಪ್ಪಳ ಕೇಳಿತು.

ಗೋದಿ ಕೊಯ್ಯೂ ದಿನ ವೈನಿ ಮೊದಲ ಭೂಮಿತಾಯಿಗೆ ಪೂಜಿ ಮಾಡಿ ಒಂದ ಹಿಡಿ ಕೊಯ್ದ್ಲು. ಆಮ್ಯಾಲ ನನ್ನ ಹೆಣ್ತಿ ಕೈಯಾಗಿನ ಕುಡಗೋಲು ಕಣ್ಣಿಗೆ ಬಿತ್ತು. "ಅಯ್ಯ, ಇದೇನವಾ ತಂಗಿ, ಸುಟ್ಟ ಬದನಿಕಾಯಿ ಇದ್ದಂಗೈತಿ" ಅಂತ ಇಸಕೊಂಡು ಬಲಗೈಲೆ ಎಳದು ನೋಡಿದ್ಲು. ಜಾರಿತು. "ಹಾಳಾದ್ದು, ಕೊಯ್ಯಂಗಿಲ್ಲಿದು!" ಅಂದ್ಲು. ನನ್ನ ಹೆಣ್ತಿ, "ಹೌದ ಯಕ್ಕಾ, ಹಂಗ ಆಗತೈತಿ" ಅಂತಷ್ಟ ಅಂದು ಹೊಳ್ಳಿ ಇಸಕೊಂಡ್ಲು.

ಮೊಣಕೈ ಮೊಣಕೈಗೆ ತಾಗತಾವಂತ ನನ್ನ ಹೆಣ್ತಿಗೆ ಯಾವಾಗ್ಲೂ ಒಡ್ಡಿನ ಕಡೀ ಸಾಲು. ಆವತ್ತೂ ಅಲ್ಲೇ ನಿಂದ್ರಿಸಿದ್ರು. ಬಾಜೂ ಹೊಲದಾಕಿ ಒಬ್ಬಾಕಿ ಜಮಖಂಡ್ಯಾಗ ಮದುವಿ ಅಂತ ಬಂದಿದ್ದಿಲ್ಲ, ಅಕಿ ಸಾಲು ಖಾಲಿ ಉಳೀತು. ವೈನಿ ನನ್ನ ಕಡೆ ತಿರುಗಿ, "ಬಾ ಮೈದನಾ, ಕುಡಗೋಲು ಮಾಡಾಂವಗ ಕೊಯ್ಯಾಕೂ ಬರಬೇಕಲ್ಲ" ಅಂದ್ಲು. ಸಿವುಡ ಕಟ್ಟೂದು ಅಣ್ಣಗ ಬಿಟ್ಟು ನಾನೂ ಒಂದ ಸಂತಿ ಕುಡಗೋಲು ಹಿಡದು ಬಗ್ಗಿದ್ನಿ.

ಸ್ವಲ್ಪ ಹೊತ್ತಿನ್ಯಾಗ ನನಗ ನನ್ನ ಸೊಂಟದ ಹೊರತು ಬ್ಯಾರೆ ಏನೂ ನೆನಪಿರ್ಲಿಲ್ಲ. ಒಂದೊಂದ ಸಲ ಒಡ್ಡಿನ ಕಡೆ ಕಿವಿ ಕೊಡ್ತಿದ್ನಿ. ಸರಕ್, ಸರಕ್, ಸರಕ್. ಮೊದಲ ನನ್ನ ಸರಿಸಮ ಕೇಳತಿತ್ತು. ಆಮ್ಯಾಲ ಮುಂದಿಂದ ಕೇಳತಿತ್ತು. ಆಮ್ಯಾಲ ಕೇಳ್ಲಿಲ್ಲ, ಅಷ್ಟ ದೂರ ಹೋಗಿದ್ಲು.

ವೈನಿ ತನ್ನ ಸಾಲು ಮುಗಿಸಿ ತುದಿ ಮುಟ್ಟಿದ್ಲು, ಯಾವಾಗಿನಂಗ ಅಕೀನ ಮೊದಲ. ಯಾವಾಗಿನಂಗ ಬೆವರ ಒರಿಸಿಕೊಂಡು, ಸೀದಾ ಒಡ್ಡಿನ ಸಾಲಿಗೆ ಹೋಗಿ, "ಬಾರವಾ ತಂಗಿ ಬಾ..." ಅಂತ ಸುರು ಮಾಡಿ ಬಗ್ಗಿದ್ಲು. ಕೊಯ್ಯಾಕ ಅಲ್ಲೇನೂ ಇರ್ಲಿಲ್ಲ. ನನ್ನ ಹೆಣ್ತಿ ಕಡೀ ಹಿಡಿ ಕೊಯ್ದು, ಅದನ್ನ ಸಾಲಿನ ಮ್ಯಾಲ ಇಟ್ಟು, ಅಕಿ ಮುಂದ ನೆಟ್ಟಗ ನಿಂತಿದ್ಲು.

"ಮುಗೀತ ಯಕ್ಕಾ" ಅಂದ್ಲು.

ವೈನಿ ನನ್ನ ಹೆಣ್ತಿ ಎಡಗೈ ಹಿಡದು ತಿರುವಿ ಮುರುವಿ ನೋಡಿದ್ಲು, ಬೆರಳಿನ ಗೆಣ್ಣಿಗೆ ಗಾಯ ಇರ್ಲಿಲ್ಲ. "ಅಯ್ಯ ನನ ಶಿವನ! ಹಂಗಾರ ಕಡೀಕ ಯಾರು ಉಳದ್ರವಾ ಇವತ್ತ?" ಅಂದ್ಲು. ಎಲ್ಲಾ ಹೆಂಗಸ್ರೂ ತಮ್ಮ ತಮ್ಮ ಸಾಲು ಮುಗಿಸಿ ತಿರುಗಿ ನೋಡಿದ್ರು. ಹೊಲದ ನಡುವ ನಾನೊಬ್ಬನ ಬಗ್ಗಿದ್ನಿ. ಹೋ ಅಂತ ನಗಿ ಎದ್ದಿತು. ಕುಡಗೋಲು ಒಗದು ಕಬ್ಬಿನಾಗ ಹೊಕ್ಕ ಬಿಡಬೇಕು ಅನಿಸಿತು ನನಗ.

ವೈನಿ, "ನಿನ್ನ ಗಂಡ, ನೀನ ಕರಕೊಂಡ ಬಾ" ಅಂದು ಕಟ್ಟಿಮ್ಯಾಲ ಕುಂತಂಗ ಒಡ್ಡಿನ ಮ್ಯಾಲ ಕುಂತ್ಲು.

ನನ್ನ ಹೆಣ್ತಿ ನನ್ನ ಸಾಲಿನ ಆ ತುದಿಗೆ ಬಂದು ತಿರುಗಿ ನಿಂತ್ಲು. ಸೆರಗು ಬಿಗಿ ಮಾಡಿಕೊಂಡ್ಲು. ಎದುರಿಂದ ಕೊಯ್ಕೋತ ಬರಾಕತ್ಲು. ಹಾಡ ಹೇಳ್ಲಿಲ್ಲ, ಚಾಷ್ಟಿ ಮಾಡ್ಲಿಲ್ಲ. ನಾ ಒಂದ ಹಿಡಿ ಕೊಯ್ಯೂದ್ರಾಗ ಅಕಿ ಮೂರ ಹಿಡಿ ಕೊಯ್ತಿದ್ಲು. ಅಕಿ ಎಡಗೈ, ನನ್ನ ಬಲಗೈ, ಎರಡೂ ಕುಡಗೋಲು ಒಂದ ಕಡೆ ಬಂದೂವು, ನಡುವ ಒಂದ ಹಿಡಿ ಗೋದಿ ಉಳೀತು. ಇಬ್ರೂ ತಲಿ ಎತ್ತಿದ್ವಿ. ಅಕಿ ನನ್ನ ಮಾರಿನ್ನ ಎಷ್ಟೋ ಹೊತ್ತು ನೋಡಿದ್ಲು, ಹೊಸದಾಗಿ ನೋಡಿದಂಗ.

"ಏನ ನೋಡ್ತಿ?" ಅಂದ್ನಿ.

"ಇಷ್ಟ ವರ್ಷ ಎಲ್ಲಾರ ಬೆನ್ನ ನೋಡ್ಕೋತ ಕೊಯ್ದೇನ್ರಿ" ಅಂದ್ಲು. "ಎದುರಿಂದ ಬಂದ್ರ ಮಾರಿ ಕಾಣತಾವ."

ಆಮ್ಯಾಲ ಎಡಗೈಲೆ ಆ ಹಿಡಿನೂ ಅಕೀನ ಕೊಯ್ದ್ಲು.